ವರ್ಣವಿಕಲ್ಪ

ಕಾರಣಗಳು ಸ್ಪಷ್ಟವಾಗಿರುವಲ್ಲಿ ಆರಿಸಿಕೊಳ್ಳುವುದು ಕಷ್ಟವಲ್ಲ. ದಾರಿ ಎರಡಾಗಿ ಒಡೆದು ಒಂದು ಊರಿಗೂ ಇನ್ನೊಂದು ಕಾಡಿಗೂ ಹೋಗುತ್ತಿದ್ದರೆ, ಊರಿಗೆ ಹೋಗಬೇಕಾದವನು ನಿಂತು ಚಿಂತಿಸುವುದಿಲ್ಲ. ಧರ್ಮಸಂಕಟವೆಂದು ಲೋಕವು ಕರೆಯುವ ಸಂದರ್ಭಗಳಲ್ಲಿಯೂ ಎರಡು ಕಡೆಯೂ ಬಲವಾದ ಕಾರಣಗಳಿರುತ್ತವೆ. ಅವುಗಳನ್ನು ತೂಗಿ ನೋಡುವುದಕ್ಕೆ ಏನಾದರೊಂದು ತಕ್ಕಡಿ ದೊರೆಯುತ್ತದೆ. ಆದರೆ ಎರಡು ಕಡೆಯೂ ಕಾರಣವೇ ಇಲ್ಲದಿರುವಾಗ ಮನುಷ್ಯನು ಮಾಡತಕ್ಕದ್ದೇನು? ತಟ್ಟೆಗಳೆರಡೂ ಬರಿದಾಗಿರುವಾಗ ತಕ್ಕಡಿಯಿಂದ ಪ್ರಯೋಜನವೇನು? ಪ್ರಶ್ನೆ ಕ್ಷುದ್ರವೆಂದು ತೋರಬಹುದು. ಆದರೂ ದೊಡ್ಡ ವಿಷಯಗಳಲ್ಲಿ ಧೀರರಾದವರು ಇಂಥ ಸಣ್ಣ ವಿಷಯದಲ್ಲಿ ನಿದ್ರೆಗೆಡುವುದುಂಟು. ಹಾಗೆ ನಿದ್ರೆಗೆಡುವುದು ಬರಿಯ ಮೌಢ್ಯವೆಂದು ತಳ್ಳಿಬಿಡುವುದೂ ವಿಚಾರವಂತರಿಗೆ ತಕ್ಕುದಲ್ಲ.

ಪಾಶ್ಚಾತ್ಯ ಸಂಗೀತದಲ್ಲಿ ಮುಕ್ಕಾಲು ಶತಮಾನದಿಂದ ಬಹು ಪ್ರಚಾರದಲ್ಲಿರುವ ವಿದ್ಯುತ್ ಗಿಟಾರನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ವೀಣೆಗೆ ಕೊಡವಿರುವಂತೆ ಇದಕ್ಕೆ ಟೊಳ್ಳಾದ ಒಡಲಿಲ್ಲ. ಬಹುಮಟ್ಟಿಗೆ ಇಡಿಯ ಮರದ ಹಲಗೆಯೇ ಒಡಲು. ಉಕ್ಕಿನ ತಂತಿ ಮಿಡಿದಾಗ ಅದರ ಕೆಳಗಿರುವ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಎಳೆಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟಿ, ಧ್ವನಿವರ್ಧಕಕ್ಕೆ ಹರಿದು, ಅಲ್ಲಿ ನಾದವಾಗುತ್ತದೆ. ಹಲಗೆಯ ಮೇಲಣ ಬಣ್ಣ ಕೆಂಪಾದರೇನು, ನೀಲಿಯಾದರೇನು, ಅಯಸ್ಕಾಂತಕ್ಕೆ ಅದರ ಗೊಡವೆಯಿಲ್ಲ. ಲೇಪವು ತೆಳುವಾದಷ್ಟೂ ಮರ ಚೆನ್ನಾಗಿ ನುಡಿಯುವುದೆಂದು ವಾದಿಸುವವರುಂಟು. ಅವರು ಕೂಡ ಲೇಪದ ದಪ್ಪವನ್ನು ಕುರಿತು ವಾದಿಸುವರೇ ಹೊರತು, ಕೆಂಪಿನ ನಾದ ಬೇರೆ, ನೀಲಿಯ ನಾದ ಬೇರೆ ಎನ್ನುವಷ್ಟು ದೂರ ಹೋಗುವುದಿಲ್ಲ.

ಈ ವಾದ್ಯವನ್ನು ಅಂಗಡಿಯಲ್ಲಿ ಇದ್ದಂತೆಯೇ ಕೊಳ್ಳದೆ, ತನ್ನ ಅಪೇಕ್ಷೆಗೆ ತಕ್ಕಂತೆ ಹೇಳಿ ಮಾಡಿಸಿಕೊಳ್ಳುವ ಪದ್ಧತಿಯೊಂದಿದೆ. ಅಮೆರಿಕದ ಫೆಂಡರ್ ಸಂಸ್ಥೆಯು 1987ರಲ್ಲಿ ಕ್ಯಾಲಿಫೋರ್ನಿಯದ ಕೊರೋನ ನಗರದಲ್ಲಿ ಇದಕ್ಕಾಗಿಯೇ ಒಂದು ಪ್ರತ್ಯೇಕ ಕಾರ್ಯಾಗಾರವನ್ನು ತೆರೆಯಿತು. ಇತರ ಕುಶಲಿಗಳೂ ಅನೇಕರಿದ್ದಾರೆ. ವರ್ಷಗಟ್ಟಲೆ ಹಣ ಕೂಡಿಟ್ಟ ವಾದಕನೊಬ್ಬನು ಅಲ್ಲಿಗೆ ತನ್ನ ಬೇಡಿಕೆಯನ್ನು ಬರೆದು ಕಳುಹಿಸಲು ಕುಳಿತಿರುವನೆಂದು ಭಾವಿಸೋಣ. ಕತ್ತಿನ ದಪ್ಪವೆಷ್ಟು? ಅವನ ಅಂಗೈ ಅದನ್ನು ಹೇಳುತ್ತದೆ. ಮೆಟ್ಟುಗಳು ಎತ್ತರವಾಗಿರಬೇಕೋ ತಗ್ಗಾಗಿರಬೇಕೋ? ಅವನ ಬೆರಳು ಹೇಳುತ್ತದೆ. ಬೆರಳಾಡುವ ಹಲಗೆ ಯಾವ ಮರದ್ದು? ಮಲೆನಾಡಿನವರು ಬಲ್ಲ ಬೀಟೆಯೇ ಈಗ ಅದಕ್ಕೆ ಹೆಚ್ಚಾಗಿ ಬಳಕೆಯಲ್ಲಿದೆ. ಬೇಡವೆಂದರೆ ಬಿಳಿಯ ಮೇಪಲ್ ಉಂಟು. ಇಲ್ಲಿಯೂ ಸ್ಪರ್ಶವೆಂಬ ಸಾಕ್ಷಿಯಿದೆ. ಹೀಗೆ ಒಂದೊಂದನ್ನೇ ತುಂಬುತ್ತ ಬಂದವನು ಬಣ್ಣವೆಂಬ ಅಂಕಣದ ಬಳಿ ನಿಂತುಬಿಡುತ್ತಾನೆ. ಅಂಗೈಗೆ ಗೊತ್ತಿಲ್ಲ, ಬೆರಳಿಗೆ ಗೊತ್ತಿಲ್ಲ, ಕಿವಿಗೆ ಗೊತ್ತಿಲ್ಲ. ಮೊದಲ ದಿನ ನೀಲಿಯೆಂದು ಬರೆಯುತ್ತಾನೆ. ಮರುದಿನ ಹೊಡೆದುಹಾಕಿ ಹಸಿರೆಂದು ಬರೆಯುತ್ತಾನೆ. ವಾರ ಕಳೆದ ಮೇಲೆ, ಏನೂ ಬೇಡ, ಮರದ ಬಣ್ಣವೇ ಇರಲಿ ಎನ್ನುತ್ತಾನೆ. ಹೇಳಿ ಮಾಡಿಸಿದ ವಾದ್ಯವನ್ನು ಬಣ್ಣ ಹಿಡಿಸಲಿಲ್ಲವೆಂದು ಹಿಂದಿರುಗಿಸುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಅದು ಕೈಸೇರುವುದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಕ್ಕೂ ಮೀರಿದ ಕಾಲ ಹಿಡಿಯುತ್ತದೆ. ಕಾರಣವಿಲ್ಲದ ಆಯ್ಕೆಗೆ ಇಷ್ಟು ಭಾರವಾದ ಪರಿಣಾಮವಿರುವುದೇ ಅವನ ಸಂಕಟ.

ಈ ಸಂಕಟ ಅನಾದಿಯಲ್ಲ. ಅದಕ್ಕೆ ಹುಟ್ಟಿದ ಕಾಲವೊಂದಿದೆ. ಅಮೆರಿಕದಲ್ಲಿ ಹೆನ್ರಿ ಫೋರ್ಡನ ಪ್ರಸಿದ್ಧವಾದ ಮಾದರಿ ಟಿ ಮೋಟಾರು ಬಂಡಿಯು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲಿ ಮಾತ್ರ ದೊರೆಯುತ್ತಿತ್ತು. ಕೊಳ್ಳುವವನಿಗೆ ಚಿಂತೆಯಿರಲಿಲ್ಲ. ಆಗಿನ ಇತರ ಬಣ್ಣದ ವಾರ್ನಿಷುಗಳು ಪದರ ಪದರವಾಗಿ ಒಣಗುವುದಕ್ಕೆ ವಾರಗಳೇ ಬೇಕಾಗುತ್ತಿದ್ದವು. 1920ರ ದಶಕದಲ್ಲಿ ಡ್ಯುಪಾಂಟ್ ಎಂಬ ರಸಾಯನ ಸಂಸ್ಥೆಯು ಡ್ಯೂಕೋ ಎಂಬ ಹೆಸರಿನ, ಕೆಲವೇ ಗಂಟೆಗಳಲ್ಲಿ ಒಣಗುವ ನೈಟ್ರೋಸೆಲ್ಯುಲೋಸ್ ಲೇಪವನ್ನು ತಂದಿತು. ಬಂಡಿಗಳಿಗೆ ಬಣ್ಣ ಬಂತು. ಬಣ್ಣದೊಡನೆ ಆಯ್ಕೆ ಬಂತು. ಆಯ್ಕೆಯೊಡನೆ ಚಿಂತೆಯೂ ಬಂದಿರಲೇಬೇಕು.

ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೋ ಫೆಂಡರ್ ಗಿಟಾರು ತಯಾರಿಕೆಗೆ ಇಳಿದು, 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಎಂಬ ವಾದ್ಯವನ್ನು ಹೊರತಂದನು. ಅದರ ವಾಡಿಕೆಯ ಬಣ್ಣಕ್ಕೆ ಸನ್‌ಬರ್ಸ್ಟ್ ಎಂದು ಹೆಸರು: ನಡುವೆ ಹೊಂಬಣ್ಣ, ಅಂಚಿನ ಕಡೆಗೆ ಬರಬರುತ್ತ ಕಪ್ಪು, ಮೋಡದ ನಡುವಣ ಸೂರ್ಯನಂತೆ. ಬೇರೆ ಬಣ್ಣ ಬೇಕೆಂಬವರು ಬೆಲೆಯ ಮೇಲೆ ಶೇಕಡ 5ರಷ್ಟು ಹೆಚ್ಚು ಕೊಟ್ಟರೆ ಡ್ಯೂಕೋ ಬಣ್ಣಗಳಲ್ಲಿ ಒಂದನ್ನು ಬಳಿದು ಕೊಡಲಾಗುವುದೆಂದು ಆ ದಶಕದಲ್ಲಿಯೇ ಸಂಸ್ಥೆಯು ಪ್ರಕಟಿಸಿತು. ಬಣ್ಣಗಳೆಲ್ಲ ಮೋಟಾರು ಬಂಡಿಗಳವು. ಫಿಯೆಸ್ಟಾ ರೆಡ್ ಎಂಬ ಕೆಂಪು 1956ರ ಫೋರ್ಡ್ ಥಂಡರ್‌ಬರ್ಡ್ ಬಂಡಿಯದು. ಸೋನಿಕ್ ಬ್ಲೂ ಎಂಬ ತಿಳಿನೀಲಿ ಕ್ಯಾಡಿಲಾಕ್ ಬಂಡಿಯದು. ಸ್ವಾತಂತ್ರ್ಯದ ಬೆಲೆ ಶೇಕಡ 5 ಎಂದಾಯಿತು. ಅದು ಅಗ್ಗವೋ ತುಟ್ಟಿಯೋ ಎಂಬುದು ನಿದ್ರೆಗೆಟ್ಟವರನ್ನು ಕೇಳಬೇಕಾದ ಮಾತು.

ನಮ್ಮ ವಾದಕನು ಕಾರಣವಿಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ಮೊದಲು ಕಾರಣಗಳನ್ನು ಹುಡುಕಿಯೇ ತೀರುತ್ತಾನೆ. ಶಾಸ್ತ್ರದಲ್ಲಿ ಆಧಾರವಿದೆಯೆ? ಭರತಮುನಿಯ ನಾಟ್ಯಶಾಸ್ತ್ರವು ಒಂದೊಂದು ರಸಕ್ಕೆ ಒಂದೊಂದು ಬಣ್ಣವನ್ನು ವಿಧಿಸಿದೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ. ಆದರೆ ಅಲ್ಲಿ ರಸ ಮೊದಲು, ಬಣ್ಣ ಆಮೇಲೆ. ವಾದ್ಯವಾದರೋ ಇಂದು ಅಳಬೇಕು, ನಾಳೆ ಗರ್ಜಿಸಬೇಕು. ಒಂದೇ ಸಂಜೆಯಲ್ಲಿ ಎರಡನ್ನೂ ಮಾಡಬೇಕು. ಸರ್ವರಸಗಳಿಗೂ ಆಶ್ರಯವಾಗಬೇಕಾದುದಕ್ಕೆ ಯಾವ ಒಂದು ಬಣ್ಣವನ್ನು ವಿಧಿಸುವುದು? ಶಾಸ್ತ್ರವು ಇಲ್ಲಿ ಕೈಬಿಡುತ್ತದೆ.

ಹಾಗಾದರೆ ನೋಡುವವರ ಕಣ್ಣನ್ನು ಪ್ರಮಾಣವಾಗಿ ಇಟ್ಟುಕೊಳ್ಳಬಹುದೆ? ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಗಿಟಾರಿನ ಮುಖವನ್ನು ಎಲ್ಲರಿಗಿಂತ ಕಡಮೆ ನೋಡುವವನು ಅದನ್ನು ನುಡಿಸುವವನೇ. ಅದು ಅವನ ಹೊಟ್ಟೆಗೆ ಆತು, ಮುಖವನ್ನು ಸಭೆಯ ಕಡೆಗೆ ಮಾಡಿಕೊಂಡಿರುತ್ತದೆ. ಅವನಿಗೆ ಕಾಣುವುದು ಮೇಲಂಚಿನ ಒಂದು ಗೆರೆ, ಅದರಾಚೆ ತಂತಿಗಳು. ಹಣೆಯ ತಿಲಕವನ್ನು ಇಟ್ಟುಕೊಂಡವರಿಗಿಂತ ಎದುರಿಗಿರುವವರು ಹೆಚ್ಚು ಕಾಣುವಂತೆ ಇದೂ ಆಗಿದೆ. ಆದುದರಿಂದ ಇತರರ ಕಣ್ಣನ್ನು ಗಣಿಸುವುದು ತಪ್ಪಲ್ಲ. ಆದರೆ ಇತರರೆಂದರೆ ಯಾರು? ಇಂಗ್ಲೆಂಡಿನಲ್ಲಿ 1959ರಲ್ಲಿ ಗಾಯಕ ಕ್ಲಿಫ್ ರಿಚರ್ಡ್ ತನ್ನ ಮೇಳದ ವಾದಕ ಹ್ಯಾಂಕ್ ಮಾರ್ವಿನ್‌ಗಾಗಿ ಅಮೆರಿಕದಿಂದ ಒಂದು ಕೆಂಪು ಸ್ಟ್ರಾಟೋಕ್ಯಾಸ್ಟರನ್ನು ತರಿಸಿದನು. ಮರುವರ್ಷ ಅವರ ಮೇಳದ ‘ಅಪಾಚೆ’ ಎಂಬ ವಾದ್ಯಕೃತಿ ದೇಶವನ್ನೆಲ್ಲ ಸೆಳೆಯಿತು. ಆಮೇಲೆ ಅಲ್ಲಿನ ತರುಣರಿಗೆ ಕೆಂಪಿನ ಹೊರತು ಬೇರೆ ಬಣ್ಣ ಕಾಣದಾಯಿತು. ಬೇರೆ ಬಣ್ಣದಲ್ಲಿ ಬಂದಿಳಿದ ವಾದ್ಯಗಳಿಗೂ ಇಂಗ್ಲೆಂಡಿನಲ್ಲಿಯೇ ಕೆಂಪು ಬಳಿದು ಮಾರಿದರು. ಅವರಲ್ಲಿ ಒಬ್ಬೊಬ್ಬನೂ ತನ್ನ ಇಚ್ಛೆಯಿಂದಲೇ ಕೆಂಪನ್ನು ಆರಿಸಿದೆನೆಂದು ತಿಳಿದಿದ್ದನು. ಇದನ್ನು ಹೇಳಿ ನಗುವುದು ಸುಲಭ. ಗುರುವಿನ ನುಡಿಸುವ ರೀತಿಯನ್ನು ಅನುಸರಿಸಲಾರದ ಬಾಲಕನು ಅವನ ವಾದ್ಯದ ಬಣ್ಣವನ್ನಾದರೂ ಅನುಸರಿಸುವುದರಲ್ಲಿ ಒಂದು ಬಗೆಯ ಭಕ್ತಿಯೂ ಇದೆ.

ಮೂರನೆಯ ಕಾರಣವೊಂದು ಹೆಚ್ಚು ವ್ಯಾವಹಾರಿಕವಾದುದು. ಮುಂದೆ ಎಂದಾದರೂ ಮಾರಬೇಕಾಗಿ ಬಂದರೆ ಯಾವ ಬಣ್ಣಕ್ಕೆ ಗಿರಾಕಿಗಳು ಸುಲಭವಾಗಿ ಸಿಕ್ಕುವರು? ತಿಳಿದವರು, ವಾಡಿಕೆಯ ಸನ್‌ಬರ್ಸ್ಟನ್ನೋ ಕಪ್ಪನ್ನೋ ಆರಿಸಿ, ವಿಚಿತ್ರವಾದ ಬಣ್ಣದ ಗೊಡವೆಗೆ ಹೋಗಬೇಡ ಎನ್ನುತ್ತಾರೆ. ಮಗಳಿಗೆ ಒಡವೆ ಮಾಡಿಸುವಾಗಲೇ ಅಡವಿಟ್ಟರೆ ಎಷ್ಟು ಬರುವುದೆಂದು ಲೆಕ್ಕ ಹಾಕುವ ಗೃಹಸ್ಥನ ಬುದ್ಧಿ ಇದು. ಗೃಹಸ್ಥನನ್ನು ತಿರಸ್ಕರಿಸತಕ್ಕದ್ದಲ್ಲ, ಸಂಸಾರಭಾರವನ್ನು ಹೊತ್ತವರಿಗೆ ಆ ಲೆಕ್ಕದ ಅಗತ್ಯ ಗೊತ್ತು. ಆದರೂ ಇಲ್ಲಿ ಆಗುವುದೇನೆಂದು ನೋಡಬೇಕು. ವಾದಕನು ಇನ್ನೂ ಹುಟ್ಟದ ತನ್ನ ವಾದ್ಯದ ಬಣ್ಣವನ್ನು, ಇನ್ನೂ ಕಾಣದ ಒಬ್ಬ ಖರೀದಿದಾರನ ಇಷ್ಟಕ್ಕೆ ಒಪ್ಪಿಸಿಬಿಡುತ್ತಾನೆ. ತನಗಾಗಿ ಹೇಳಿ ಮಾಡಿಸುವುದೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಅಂಥವನು ಅಂಗಡಿಯಲ್ಲಿ ಇದ್ದುದನ್ನೇ ಕೊಂಡಿದ್ದರೆ ಹಣವಾದರೂ ಉಳಿಯುತ್ತಿತ್ತು.

ಇನ್ನು ಒಂದು ಭೇದ ಮಾತ್ರ ನಿಜವಾಗಿ ವಿಚಾರಣೀಯವಾದುದು. ಬಣ್ಣಗಳಲ್ಲಿ ಮರವನ್ನು ತೋರಿಸುವವು ಕೆಲವು, ಮರೆಸುವವು ಕೆಲವು. ತಿಳಿಯಾದ ಲೇಪದ ಕೆಳಗೆ ಮರದ ಗೆರೆಯೆಲ್ಲ ಕಾಣುವುದರಿಂದ ಕೆಲಸಗಾರನು ಒಳ್ಳೆಯ ಹಲಗೆಯನ್ನೇ ಆರಿಸಬೇಕು. ಸನ್‌ಬರ್ಸ್ಟ್ ನಡುವನ್ನು ತೋರಿಸಿ ಅಂಚನ್ನು ಮುಚ್ಚುತ್ತದೆ. ಗಟ್ಟಿಬಣ್ಣವಾದರೆ ಎಲ್ಲವನ್ನೂ ಮುಚ್ಚುತ್ತದೆ. ಹಲಗೆ ಎಷ್ಟು ತುಂಡುಗಳನ್ನು ಕೂಡಿಸಿದ್ದು ಎಂಬುದು ಕೂಡ ಹೊರಗೆ ತಿಳಿಯದು. ಹಳೆಯ ಫೆಂಡರ್ ವಾದ್ಯಗಳಲ್ಲಿ ಮೇಲಿನ ಬಣ್ಣ ಸವೆದಾಗ ಅದರಡಿಯಲ್ಲಿ ಸನ್‌ಬರ್ಸ್ಟ್ ಕಾಣಿಸಿಕೊಂಡದ್ದುಂಟು: ಮೊದಲು ಬಳಿದುದು ಸರಿಬರದೆ ಹೋದಾಗ ಅದರ ಮೇಲೆಯೇ ಗಟ್ಟಿಬಣ್ಣವನ್ನು ಬಳಿದು ಕಳುಹಿಸುತ್ತಿದ್ದರು. ಇದು ಮೋಸವೆ? ನಾದಕ್ಕೆ ಕುಂದಿಲ್ಲದಿರುವಾಗ, ಕೊಳ್ಳುವವನು ಕೇಳಿದ ಬಣ್ಣವನ್ನೇ ಕೊಟ್ಟಿರುವಾಗ, ಮೋಸವೆನ್ನುವುದು ಕಠಿಣವಾದೀತು. ಆದರೂ ವಾದ್ಯದಿಂದ ಮೊದಲು ಬಯಸತಕ್ಕದ್ದು ಸೌಂದರ್ಯವೋ ಸತ್ಯವೋ ಎಂದು ವಾದಕನು ಯೋಚಿಸುವುದಾದರೆ, ಯೋಚಿಸಬೇಕಾದ ಸ್ಥಳ ಇದೇ. ಇದನ್ನು ಗೊತ್ತುಮಾಡಿಕೊಂಡ ಮೇಲೂ ನೀಲಿಯೋ ಹಸಿರೋ ಎಂಬುದು ಇದ್ದಲ್ಲಿಯೇ ಇರುತ್ತದೆ.

ಕಾರಣಗಳು ಹೀಗೆ ಒಂದೊಂದಾಗಿ ಜಾರಿದ ಮೇಲೆ ಉಳಿಯುವುದನ್ನು ಮೀಮಾಂಸಕರು ವಿಕಲ್ಪವೆಂದು ಕರೆದರು. ಅವರ ಪ್ರಸಿದ್ಧವಾದ ಉದಾಹರಣೆ ಧಾನ್ಯದ್ದು. ವ್ರೀಹಿಯಿಂದ, ಎಂದರೆ ಬತ್ತದಿಂದ, ಯಜಿಸಬೇಕೆಂದು ಒಂದು ವಿಧಿ. ಯವದಿಂದ, ಎಂದರೆ ಜವೆಗೋಧಿಯಿಂದ, ಯಜಿಸಬೇಕೆಂದು ಇನ್ನೊಂದು. ಎರಡೂ ಸಮಾನ ಬಲವುಳ್ಳವು. ಯಾವುದನ್ನು ಹಿಡಿದರೂ ಫಲ ಒಂದೇ. ಲೌಕಿಕನಾದವನು, ಹಾಗಾದರೆ ಕಷ್ಟವೇನು, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡರಾಯಿತು ಎನ್ನುವನು. ಮೀಮಾಂಸಕರು ಹಾಗೆನ್ನಲಿಲ್ಲ. ವಿಕಲ್ಪಕ್ಕೆ ಎಂಟು ದೋಷಗಳಿವೆ ಎಂದು ಅವರು ಲೆಕ್ಕ ಮಾಡಿದರು. ವ್ರೀಹಿಯನ್ನು ಹಿಡಿದವನು ಯವವಿಧಿಗೆ ಸಹಜವಾಗಿ ಇದ್ದ ಪ್ರಾಮಾಣ್ಯವನ್ನು ಬಿಟ್ಟಂತಾಯಿತು. ಇಲ್ಲದ ಅಪ್ರಾಮಾಣ್ಯವನ್ನು ಅದಕ್ಕೆ ಕಟ್ಟಿದಂತಾಯಿತು. ಮತ್ತೊಮ್ಮೆ ಯವವನ್ನು ಹಿಡಿದಾಗ, ಬಿಟ್ಟ ಪ್ರಾಮಾಣ್ಯವನ್ನು ಮತ್ತೆ ಸ್ವೀಕರಿಸಬೇಕು. ಕಟ್ಟಿದ ಅಪ್ರಾಮಾಣ್ಯವನ್ನು ಬಿಚ್ಚಬೇಕು. ಯವದ ಕಡೆ ನಾಲ್ಕು, ಅದೇ ರೀತಿ ವ್ರೀಹಿಯ ಕಡೆ ನಾಲ್ಕು. ಆದುದರಿಂದ ಬೇರೆ ಗತಿಯಿದ್ದಲ್ಲಿ ವಿಕಲ್ಪವನ್ನು ಒಪ್ಪಲಾಗದೆಂದು ಅವರ ನಿರ್ಣಯ.

ಪಾಠಶಾಲೆಯ ಈ ಲೆಕ್ಕವು ಒಣ ತರ್ಕವೆಂದು ತೋರಬಹುದು. ಆದರೆ ಬಣ್ಣದ ಅಂಕಣದ ಮುಂದೆ ಕುಳಿತ ಮನುಷ್ಯನ ಅವಸ್ಥೆಯನ್ನು ಇದಕ್ಕಿಂತ ನಿಖರವಾಗಿ ಯಾರೂ ವರ್ಣಿಸಿಲ್ಲ. ಅವನು ನೀಲಿಯನ್ನು ಹಿಡಿದೊಡನೆ, ನಿನ್ನೆಯವರೆಗೆ ಚೆಲುವಾಗಿದ್ದ ಹಸಿರನ್ನು ಚೆಲುವಲ್ಲವೆಂದು ತನಗೆ ತಾನೇ ಹೇಳಿಕೊಳ್ಳಬೇಕಾಗುತ್ತದೆ. ಅದು ಪಾಚಿಯಂತೆ ಕಾಣುತ್ತದೆ, ಆಸ್ಪತ್ರೆಯ ಗೋಡೆಯಂತೆ ಕಾಣುತ್ತದೆ ಎಂದು ದೋಷವನ್ನು ಕಟ್ಟುತ್ತಾನೆ. ಮರುದಿನ ಮನಸ್ಸು ಹಸಿರಿಗೆ ಹೊರಳಿದಾಗ, ಕಟ್ಟಿದ ದೋಷವನ್ನೆಲ್ಲ ಬಿಚ್ಚಿ, ಅದೇ ದೋಷವನ್ನು ನೀಲಿಗೆ ಹೊರಿಸುತ್ತಾನೆ. ಹಸಿರು ಯಾವ ಅಪರಾಧವನ್ನೂ ಮಾಡಿರಲಿಲ್ಲ, ನೀಲಿಯೂ ಮಾಡಿರಲಿಲ್ಲ. ಆರಿಸದೆ ಬಿಟ್ಟ ವಸ್ತುವನ್ನು ಅವಹೇಳನ ಮಾಡದೆ ಬಿಡುವುದು ಮನುಷ್ಯನಿಗೆ ಬಹು ಕಷ್ಟ. ಬಣ್ಣದಲ್ಲಿ ಇದರಿಂದ ಯಾರಿಗೂ ನೋವಿಲ್ಲ. ಒಪ್ಪದೆ ಬಿಟ್ಟ ಹೆಣ್ಣಿನ ಮನೆಯವರನ್ನು ಕುರಿತು, ಸೇರದೆ ಬಿಟ್ಟ ವೃತ್ತಿಯವರನ್ನು ಕುರಿತು, ಜನ ಆಡುವ ಮಾತುಗಳನ್ನು ಕೇಳಿದವರಿಗೆ ಈ ಅಭ್ಯಾಸ ಎಲ್ಲಿಯವರೆಗೆ ಹೋಗುವುದೆಂದು ಗೊತ್ತಿದೆ.

ಮೀಮಾಂಸಕರು ಇನ್ನೊಂದು ನಿಯಮವನ್ನೂ ಇಟ್ಟರು. ವ್ರೀಹಿಯಿಂದ ಆರಂಭಿಸಿದ ಕರ್ಮದಲ್ಲಿ ನಡುವೆ ವ್ರೀಹಿ ಕೆಟ್ಟುಹೋದರೆ, ಯವವೂ ವಿಹಿತವಷ್ಟೇ ಎಂದು ಅದಕ್ಕೆ ಹಾರಬಾರದು. ವ್ರೀಹಿಯನ್ನು ಹೋಲುವ ನೀವಾರವೆಂಬ ಕಾಡುನೆಲ್ಲನ್ನು ಹುಡುಕಬೇಕು. ಆರಂಭಕ್ಕೆ ಮೊದಲು ಎರಡೂ ಸಮಾನ. ಸಂಕಲ್ಪವಾದ ಮೇಲೆ ಸಮಾನವಲ್ಲ. ಎಂದರೆ, ಬಣ್ಣಕ್ಕೆ ಕಾರಣವು ಆಯ್ಕೆಗೆ ಮೊದಲು ಇರಲಿಲ್ಲವಾದರೂ ಆಯ್ಕೆಯಾದ ಮೇಲೆ ಹುಟ್ಟಬಲ್ಲುದು. ವಾದಕನು ತನ್ನ ನೀಲಿಯನ್ನು ಹತ್ತು ವರ್ಷ ತೊಡೆಯ ಮೇಲೆ ಇಟ್ಟುಕೊಂಡು ನುಡಿಸಿದರೆ, ಹತ್ತು ವರ್ಷಗಳ ಬಳಿಕ ಅದೇಕೆ ನೀಲಿಯಾಗಿರಬೇಕೆಂಬುದಕ್ಕೆ ಅವನಲ್ಲಿ ಉತ್ತರವಿರುತ್ತದೆ. ಅಂಕಣದ ಮುಂದೆ ಅವನು ತಡಕಾಡಿದ್ದು ಆ ಉತ್ತರಕ್ಕಾಗಿ. ಅದು ಇನ್ನೂ ಹುಟ್ಟಿಯೇ ಇರಲಿಲ್ಲ.

ಅಷ್ಟು ಹೊತ್ತಿಗೆ ನೀಲಿಯು ನೀಲಿಯಾಗಿಯೇ ಉಳಿದಿರುವುದೆಂಬ ಭರವಸೆಯೂ ಇಲ್ಲ. ನೈಟ್ರೋಸೆಲ್ಯುಲೋಸಿನ ತಿಳಿಲೇಪವು ಕಾಲಕ್ರಮದಲ್ಲಿ ಹಳದಿಗಟ್ಟುತ್ತದೆ. ಅದರ ಕೆಳಗಿನ ನೀಲಿ ಹಸಿರಾಗಿ ಕಾಣತೊಡಗುತ್ತದೆ. ಬಿಳುಪು ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ನೀಲಿಯೋ ಹಸಿರೋ ಎಂದು ವಾರಗಟ್ಟಲೆ ತಳಮಳಿಸಿದವನಿಗೆ, ಬದುಕಿದ್ದರೆ, ಎರಡೂ ದೊರೆಯುವ ಸಂಭವವಿದೆ! ಗಿಬ್ಸನ್ ಎಂಬ ಇನ್ನೊಂದು ಸಂಸ್ಥೆಯ ಲೆಸ್ ಪಾಲ್ ಎಂಬ ವಾದ್ಯದ ಕಥೆ ಇನ್ನೂ ವಿನೋದವಾದುದು. 1952ರಲ್ಲಿ ಚಿನ್ನದ ಬಣ್ಣದಲ್ಲಿ ಬಂದ ಆ ವಾದ್ಯಕ್ಕೆ 1958ರಿಂದ ಕೆಂಪು ಅಂಚಿನ ಸನ್‌ಬರ್ಸ್ಟನ್ನು ಹಾಕತೊಡಗಿದರು. ಆ ಕೆಂಪು ಬೆಳಕಿಗೆ ನಿಲ್ಲಲಿಲ್ಲ. ಅಂಗಡಿಯ ಗಾಜಿನ ಹಿಂದೆ ಬಿಸಿಲು ಬಿದ್ದ ಕಡೆ ಮಾಸಿ, ಕಂದಾಗಿ, ಜೇನಿನ ಬಣ್ಣವಾಗಿ, ಕೆಲವು ನಿಂಬೆಯ ಹಳದಿಯಾಗಿಯೂ ಹೋದವು. ಸಂಸ್ಥೆಯು ಅದನ್ನು ದೋಷವೆಂದು ತಿಳಿದು 1960ರಲ್ಲಿ ಮಾಸದ ಕೆಂಪನ್ನು ತಂದಿತು. ಇಂದು ಆ ಮಾಸಿದ ವಾದ್ಯಗಳು ಲಕ್ಷಗಟ್ಟಲೆ ಡಾಲರುಗಳಿಗೆ ಮಾರಾಟವಾಗುತ್ತವೆ. ಒಂದೊಂದೂ ಒಂದೊಂದು ಬಗೆಯಾಗಿ ಮಾಸಿರುವುದೇ ಅವುಗಳ ಹೆಗ್ಗಳಿಕೆಯೆನಿಸಿದೆ.

ಸಂಸ್ಕೃತದಲ್ಲಿ ರಾಗ ಎಂಬ ಶಬ್ದಕ್ಕೆ ಬಣ್ಣವೆಂದೂ ಅರ್ಥ, ಅನುರಕ್ತಿಯೆಂದೂ ಅರ್ಥ. ಗಾಯಕರ ರಾಗವೂ ಅದೇ ಶಬ್ದ. ಬಣ್ಣವೇರುವುದೆಂಬ ಅರ್ಥದ ರಂಜ್ ಧಾತುವಿನಿಂದ ಅದು ಹುಟ್ಟಿತು. ಬಟ್ಟೆ ಬಣ್ಣವನ್ನು ಕುಡಿಯುವಂತೆ ಮನಸ್ಸು ವಿಷಯವನ್ನು ಕುಡಿಯುವುದು ರಾಗ. ಆ ಬಣ್ಣ ಬಿಟ್ಟುಹೋಗುವುದು ವಿರಾಗ. 1968ರಲ್ಲಿ ಬೀಟಲ್ಸ್ ಮೇಳದ ಜಾನ್ ಲೆನನ್ ತನ್ನ ಎಪಿಫೋನ್ ಗಿಟಾರಿನ ಸನ್‌ಬರ್ಸ್ಟನ್ನು ಉಜ್ಜಿ ತೆಗೆಸಿ, ಬರಿಯ ಮರವನ್ನು ಉಳಿಸಿಕೊಂಡನು. 1969ರ ಜನವರಿ 30ರಂದು ಲಂಡನ್ನಿನ ಮನೆಮಾಳಿಗೆಯ ಮೇಲೆ ಆ ಮೇಳ ಕಡೆಯ ಬಾರಿ ಬಹಿರಂಗವಾಗಿ ನುಡಿಸಿದಾಗ ಅವನ ಕೈಯಲ್ಲಿದ್ದುದು ಈ ಬಣ್ಣಗಳೆದ ವಾದ್ಯ. ಅದೇ ಮೇಳದ ಜಾರ್ಜ್ ಹ್ಯಾರಿಸನ್ 1967ರಲ್ಲಿ ತನ್ನ ತಿಳಿನೀಲಿ ಸ್ಟ್ರಾಟೋಕ್ಯಾಸ್ಟರಿನ ಮೇಲೆ ತಾನೇ ಕುಳಿತು ಹತ್ತಾರು ಕಣ್ಣುಕೋರೈಸುವ ಬಣ್ಣಗಳನ್ನು ಬಳಿದಿದ್ದನು. ಒಬ್ಬನದು ರಾಗ, ಇನ್ನೊಬ್ಬನದು ವಿರಾಗ ಎನ್ನೋಣವೆಂದರೆ, ಇಬ್ಬರೂ ಮಾಡಿದ್ದು ತಮ್ಮದೇ ವಾದ್ಯದ ಮೇಲೆ, ತಮ್ಮದೇ ಮನಸ್ಸು ಬಂದಾಗ.

ಆದರೆ ವಿರಾಗವನ್ನು ಹಣಕ್ಕೆ ಕೊಳ್ಳುವುದಕ್ಕಾಗುವುದೆ? ಆಗುವುದೆಂದು ಈ ಕಾಲ ಹೇಳುತ್ತದೆ. 1995ರಿಂದ ಫೆಂಡರ್ ಕಾರ್ಯಾಗಾರವು ರೆಲಿಕ್ ಎಂಬ ಹೆಸರಿನಲ್ಲಿ, ಬೇಕೆಂದೇ ಬಣ್ಣ ಕೆರೆದು, ಅಂಚು ಸವೆಸಿ, ತಿರುಪುಗಳಿಗೆ ತುಕ್ಕು ಹಿಡಿಸಿದ ಹೊಸ ವಾದ್ಯಗಳನ್ನು ಮಾರುತ್ತಿದೆ. ಬೇಡಿಕೆಯ ಪತ್ರದಲ್ಲಿ ಬಣ್ಣದ ಅಂಕಣದ ಪಕ್ಕದಲ್ಲಿಯೇ ಸವೆತದ ಅಂಕಣವೂ ಇದೆ. ಎಷ್ಟು ವರ್ಷ ನುಡಿಸಿದಂತೆ ಕಾಣಬೇಕೆಂದು ಕೊಳ್ಳುವವನು ಹೇಳಬಹುದು, ಹೆಚ್ಚು ಸವೆಸಿದ್ದಕ್ಕೆ ಹೆಚ್ಚು ಹಣ. ಬಣ್ಣ ಆರಿಸಲಾರದೆ ತಳಮಳಿಸುವ ವಾದಕನನ್ನು ಕ್ಷಮಿಸಬಹುದು. ಇಲ್ಲಿಗೆ ಬಂದಾಗ ಸ್ವಲ್ಪ ತಡೆಯಬೇಕೆನಿಸುತ್ತದೆ. ಬಣ್ಣವನ್ನು ಕೊಳ್ಳುವುದು ಮುಂದಿನ ಬಾಳನ್ನು ಆರಂಭಿಸುವುದಾದರೆ, ಸವೆತವನ್ನು ಕೊಳ್ಳುವುದು ಬಾಳದ ಬಾಳನ್ನು ಹೊದೆಯುವುದು. ಹೊಸ ವಾದ್ಯಕ್ಕೆ ಗೀರು ಬಿದ್ದೀತೆಂಬ ಭಯ ತಪ್ಪುತ್ತದೆಂದು ಕೆಲವರು ಇದನ್ನು ಸಮರ್ಥಿಸುತ್ತಾರೆ. ಮಾತು ನಿಜವೇ. ಹೊಸ ಪಂಚೆಗೆ ಮೊದಲೇ ತೇಪೆ ಹಾಕಿಸಿಕೊಂಡರೂ ಹರಿದೀತೆಂಬ ಭಯ ತಪ್ಪುತ್ತದೆ.

ಹೀಗೆ ನಕಲು ಮಾಡಲ್ಪಟ್ಟ ಸವೆತಗಳಲ್ಲಿ ಒಂದು ಐರ್ಲೆಂಡಿನ ರೋರಿ ಗ್ಯಾಲಹರ್ ಎಂಬ ವಾದಕನ ವಾದ್ಯದ್ದು. ಅದರ ಮೂಲದ ಚರಿತ್ರೆ ನಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. ಬ್ರಿಟಿಷ್ ದ್ವೀಪಗಳಲ್ಲಿ ಕೆಂಪಿನ ಮೋಹ ಮೇಲೆ ಹೇಳಿದಂತೆ ಹಬ್ಬಿದ್ದ ದಿನಗಳಲ್ಲಿ ಐರ್ಲೆಂಡಿನ ರಾಯಲ್ ಷೋಬ್ಯಾಂಡ್ ಎಂಬ ಮೇಳದ ವಾದಕನೊಬ್ಬನು ಅಮೆರಿಕದಿಂದ ಒಂದು ಕೆಂಪು ಸ್ಟ್ರಾಟೋಕ್ಯಾಸ್ಟರನ್ನು ಹೇಳಿ ತರಿಸಿದನು. ಬಂದದ್ದು ಕೆಂಪಲ್ಲ, ವಾಡಿಕೆಯ ಸನ್‌ಬರ್ಸ್ಟ್, 1961ರಲ್ಲಿ ಮಾಡಿದ್ದು. ಕೇಳಿದ ಕೆಂಪು ಬರುವವರೆಗೆ ಅದನ್ನೇ ನುಡಿಸಿ, ಬಂದ ಮೇಲೆ ಇದನ್ನು ಕಾರ್ಕ್ ನಗರದ ಅಂಗಡಿಯೊಂದರ ಮೂಲಕ ಮಾರಾಟಕ್ಕಿಟ್ಟನು. 1963ರ ಆಗಸ್ಟಿನಲ್ಲಿ 15 ವರ್ಷದ ಗ್ಯಾಲಹರ್ ಸುಮಾರು 100 ಪೌಂಡುಗಳಿಗೆ, ಸಾಲವಾಗಿ, ಅದನ್ನು ಕೊಂಡನು. ಆ ಹುಡುಗನ ಮುಂದೆ ಬಣ್ಣದ ಅಂಕಣವಿರಲಿಲ್ಲ. ಇನ್ನೊಬ್ಬನು ಬೇಡವೆಂದ ಬಣ್ಣ ಅವನಿಗೆ ಬಂತು. ಅವನು ಅದನ್ನು ತೆಗೆದುಕೊಂಡನು.

ಮುಂದೆ 1995ರಲ್ಲಿ ತೀರಿಹೋಗುವವರೆಗೆ ಅವನು ಆ ವಾದ್ಯವನ್ನು ಬಿಡಲಿಲ್ಲ. ಒಮ್ಮೆ ಡಬ್ಲಿನ್ನಿನಲ್ಲಿ ಅದು ಕಳುವಾಗಿ, ಕೆಲವು ದಿನಗಳ ಮೇಲೆ ಮಳೆಯಲ್ಲಿ ನೆನೆದು ಹಳ್ಳವೊಂದರಲ್ಲಿ ಬಿದ್ದಿದ್ದುದು ಸಿಕ್ಕಿತು. ಊರಿಂದೂರಿಗೆ ತಿರುಗುತ್ತ, ವಿಪರೀತವಾಗಿ ಬೆವರುತ್ತ ಅವನು ಅದನ್ನು ನುಡಿಸಿದನು. ಬೆವರಿಗೂ ತೋಳಿನ ತಿಕ್ಕಾಟಕ್ಕೂ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದುಹೋಯಿತು. ಮತ್ತೆ ಬಣ್ಣ ಬಳಿಸಬೇಕೆಂದು ಅವನಿಗೆ ತೋರಲಿಲ್ಲ. 2024ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಅದು ಹರಾಜಾಗಿ, ಶುಲ್ಕವೂ ಸೇರಿ 8,89,400 ಪೌಂಡುಗಳಿಗೆ ಹೋಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನ ಮಾಡುವುದಕ್ಕೆಂದೇ ಕೊಂಡರು. ಅದರ ಮುಖದ ಮೇಲೆ ಈಗ ಬಹುಭಾಗ ಬರಿಯ ಮರ, ಬೆವರು ಕುಡಿದು ಕಂದಾದುದು. ಸನ್‌ಬರ್ಸ್ಟಿನ ಕಪ್ಪು ಮತ್ತು ಹಳದಿ ಅಲ್ಲಲ್ಲಿ ದ್ವೀಪಗಳಂತೆ ಒಂದಿಷ್ಟು ಉಳಿದಿವೆ.